ಗೋದಾಮಿನ ಒಂದೇ ಲೈನು

ಹರಿಹರದ ಗೋದಾಮಿನ ಫೋನು ಸಂಜೆ ಐದರ ಸುಮಾರಿಗೆ ಬಡಿದುಕೊಳ್ಳುತ್ತಿತ್ತು. ಮೊದಲನೇ ರಿಂಗಿಗೇ ಎತ್ತಿಬಿಟ್ಟರೆ, ಇವನು ಪಕ್ಕದಲ್ಲೇ ಕಾಯುತ್ತಾ ಕೂತಿದ್ದ ಅಂತ ಆ ಕಡೆಯವರಿಗೆ ಗೊತ್ತಾಗುತ್ತದೆ. ತಡ ಮಾಡಿದರೆ ಇಟ್ಟೇಬಿಟ್ಟಾರು. ಹಾಗಾಗಿ ಉಚ್ಚೆಂಗಪ್ಪ ಒಂದು ರಿಂಗು ಆಗಲು ಬಿಟ್ಟು, ಎರಡನೆಯದು ಅರ್ಧದಲ್ಲಿರುವಾಗ ಎತ್ತುತ್ತಿದ್ದ. ಅದೊಂದು ಹದ. ರೊಟ್ಟಿ ಸುಡುವ ಹದ ಇದ್ದಂಗೆ, ಮಾಡಿ ಮಾಡಿಯೇ ಕೈಗೆ ಹತ್ತಬೇಕು.

ಮಂಡಿಪೇಟೆ ಕೆಂಚವೀರಪ್ಪ ಸಾವ್ಕಾರ್ರದು ಹಿಂಡಿ ಬೂಸಾದ ಸಗಟು ವ್ಯಾಪಾರ. ಅಂಗಡಿ ಆಫೀಸು ಎಲ್ಲಾ ದಾವಣಗೆರೆಯಲ್ಲಿ, ಮಾಲು ಇಳಿಯುವುದು ಮಾತ್ರ ಹರಿಹರದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಗೋದಾಮಿನಲ್ಲಿ. ಆ ಗೋದಾಮನ್ನು ಕಾಯುವವನು, ಮಾಲು ಇಳಿಸಿಕೊಳ್ಳುವವನು, ಏರಿಸುವವನು, ಇಲಿ ಓಡಿಸುವವನು ಎಲ್ಲಾ ಉಚ್ಚೆಂಗಪ್ಪನೇ. ಹಿಂದಿನ ಕೋಣೆಯಲ್ಲೇ ಒಲೆ, ಹಾಸಿಗೆ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಮಕ್ಕಳಾಗಿರಲಿಲ್ಲ. ಹಮಾಲರು ಬಂದ ದಿನ ಗದ್ದಲ, ಇಲ್ಲದ ದಿನ ಗೋಣಿಚೀಲದ ವಾಸನೆ, ಗುಬ್ಬಿಗಳು, ನಿಂತು ಹೋಗುವ ರೈಲು, ನಿಲ್ಲದೆ ಹೋಗುವ ರೈಲು.

ಸಂಜೆ ಫೋನು ಮಾಡುತ್ತಿದ್ದವಳು ನಾಗರತ್ನಮ್ಮ, ಮಂಡಿಪೇಟೆ ಆಫೀಸಿನಲ್ಲಿ ದಾಸ್ತಾನು ನೋಡಿಕೊಳ್ಳುವಾಕೆ. ಗಂಡ ಇಲ್ಲ, ನಿಜಲಿಂಗಪ್ಪ ಬಡಾವಣೆಯಲ್ಲಿ ಯಾರದೋ ಮನೆಯ ಹಿಂದಿನ ಒಂದು ರೂಮಿನಲ್ಲಿ ಬಾಡಿಗೆಗಿದ್ದಾಳೆ ಅನ್ನುವುದಷ್ಟೇ ಉಚ್ಚೆಂಗಪ್ಪನಿಗೆ ಗೊತ್ತು. ಮುಖ ನೋಡಿದವನಲ್ಲ. ಆಕೆ ಕೆಲಸಕ್ಕೆ ಸೇರಿದಾಗ ಇವನು ಆಗಲೇ ಹರಿಹರ ಬಿಟ್ಟು ಕದಲುವುದನ್ನು ನಿಲ್ಲಿಸಿದ್ದ. ಗೋದಾಮು ಬಿಟ್ಟು ಹೋಗುವುದಾದರೂ ಹೆಂಗೆ?

"ಹಲೋ, ಗೋದಾಮಾ?"

"ಗೋದಾಮಲ್ದೆ ಇನ್ನೇನು ಅರಮನೇನಾ?"

"ಅರಮನೆ ಆಗಿದ್ರೆ ಫೋನ್ ಎತ್ತಾಕೆ ಆಳಿರ್ತಿದ್ರು. ಹೇಳ್ರಿ, ಶೇಂಗಾ ಹಿಂಡಿ?"

ಹೀಗೆ ಶುರುವಾಗುತ್ತಿತ್ತು. ಇವನು ಎಷ್ಟು ಚೀಲ ಅಂತ ಹೇಳುವುದು, ಆಕೆ ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳುವುದು. ಒಂದು ಮಾಲಿನಿಂದ ಇನ್ನೊಂದು ಮಾಲಿಗೆ ಹೋಗುವ ಸಂದಿಯಲ್ಲಿ ಒಂದೊಂದು ಮಾತು ನುಸುಳುತ್ತಿತ್ತು. ಶೇಂಗಾ ಹಿಂಡಿ ಆದಮೇಲೆ, ಇವತ್ತು ನಲ್ಲಿ ನೀರು ಬಂದಿಲ್ಲ ಅನ್ನುವುದು. ಹತ್ತಿಕಾಳು ಹಿಂಡಿ ಆದಮೇಲೆ, ಹೊಳೆ ತುಂಬಿಕೊಂಡು ಕೆಂಪಗೆ ಹರೀತಿದೆ ಅನ್ನುವುದು. ಗೋಧಿ ಬೂಸಾ ಆದಮೇಲೆ ಆಕೆಯ ಮಂಡಿನೋವು, ಅದಕ್ಕೆ ಬಿಸಿ ಹೊಂಗೆ ಎಣ್ಣೆ. ಬರೀ ಮಾತು ಅಂತ ಇಬ್ಬರೂ ಒಂದು ದಿನವೂ ಆಡಿದವರಲ್ಲ. ಮಾತು ಚೀಲದ ಹೆಗಲ ಮೇಲೆ ಕೂತು ಬರುತ್ತಿತ್ತು, ಹೋಗುತ್ತಿತ್ತು.

ಇನ್ನೊಂದು ರೂಢಿ ಇತ್ತು. ಯಾವುದಾದರೂ ಮಾಲು ತೀರಿದ್ದರೆ ಉಚ್ಚೆಂಗಪ್ಪ 'ಇಲ್ಲ' ಅನ್ನುತ್ತಿರಲಿಲ್ಲ, 'ತೀರೈತೆ' ಅಂತಲೂ ಅನ್ನುತ್ತಿರಲಿಲ್ಲ. "ತುಂಬೈತೆ ಕಣ್ರಿ" ಅನ್ನುತ್ತಿದ್ದ. ಮನೆಯಲ್ಲಿ ಉಪ್ಪು ಮುಗಿದರೆ ಅವನ ಅವ್ವ ಹಾಗೇ ಅನ್ನುತ್ತಿದ್ದಳು. ಕಾಳುಕಡಿ ಇಟ್ಟ ಜಾಗದಲ್ಲಿ ನಿಂತು ಬರಿದು ಅನ್ನಬಾರದು, ಅಂದರೆ ಆ ಜಾಗ ಬರಿದಾಗಿಯೇ ಉಳಿಯುತ್ತದೆ. ನಾಗರತ್ನಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಕೆಯ ಮನೆಯ ಉಪ್ಪೂ ಹಾಗೇ ತುಂಬುತ್ತಿದ್ದದ್ದು. "ತುಂಬೈತಾ? ಆತು ಬಿಡ್ರಿ" ಅಂದು, ಅಲ್ಲಿ ತಾನು ಬರೆಯಬೇಕಾದ್ದನ್ನು ಬರೆದುಕೊಳ್ಳುತ್ತಿದ್ದಳು.

ತೊಂಬತ್ತೆಂಟರ ದೀಪಾವಳಿ ಕಳೆದಮೇಲೆ ಬಕ್ಕೇಶ ಬಂದ. ದಾವಣಗೆರೆಯ ಆಫೀಸುಗಳಿಗೆ ಕಂಪ್ಯೂಟರು ಹಾಕಿಕೊಡುವ ಹುಡುಗ. ಸ್ಕೂಟರಿನ ಮುಂದೆ ಒಂದು ಡಬ್ಬ, ಹಿಂದೆ ಒಂದು ಡಬ್ಬ, ಕೊರಳಿಗೆ ವೈರಿನ ಸುತ್ತು.

"ಯಜಮಾನ್ರೆ, ಇನ್ಮ್ಯಾಲೆ ನೀವು ಮಂಡಿಪೇಟೆ ಆಫೀಸಿನಾಗೇ ಕೂತಂಗೆ" ಅಂದ.

"ಯಾಕಪ, ನನ್ನ ಎಲ್ಲಿಗೆ ಒಯ್ತೀಯ?"

"ಎಲ್ಲಿಗೂ ಇಲ್ಲ. ಅಲ್ಲಿ ಮೂರು ಕಂಪ್ಯೂಟರ್ ಅದಾವೆ, ಒಂದೇ ವೈರಿನಾಗೆ ಕಟ್ಟೀವಿ. ಇದು ನಾಲ್ಕನೇದು. ಆದ್ರೆ ವೈರು ಇಲ್ಲಿತನಕ ಎಳೆಯಾಕೆ ಆಗ್ತತಾ? ಅದ್ಕೆ ಫೋನ್ ತಂತಿನೇ ವೈರು ಮಾಡ್ಕೊಳ್ಳೋದು. ಈ ಡಬ್ಬಕ್ಕೆ ಮೋಡೆಮ್ಮು ಅಂತಾರೆ, ಇದು ಅಲ್ಲಿ ಮೋಡೆಮ್ಮಿಗೆ ಫೋನ್ ಹಚ್ತತೆ. ನೀವು ಇಲ್ಲಿ ಲೆಕ್ಕ ಒತ್ತಿದ್ರೆ ಅಲ್ಲಿ ಸೀದಾ ಕೂಡ್ತತೆ. ಮುಂದೆ ನಮ್ಮೂರಾಗೆ ಇಂಟರ್ನೆಟ್ ಗಟ್ಟಿಯಾಗ್ಲಿ, ವಿಪಿಎನ್ ಹಾಕಣ. ಅದೂ ಇದೇ ಕತೆ. ಊರೆಲ್ಲಾ ಅಡ್ಡಾಡೋ ರಸ್ತೆ ತಳಗೆ ನಮಗಷ್ಟೇ ಗೊತ್ತಿರೋ ಸುರಂಗ ತೋಡಿದಂಗೆ."

ಸುರಂಗ ಅಂದದ್ದು ಉಚ್ಚೆಂಗಪ್ಪನಿಗೆ ಅರ್ಥವಾಯಿತು. ಹೆಗ್ಗಣಗಳ ಜತೆ ಬಾಳಿದವನು.

"ಗುಟ್ಟಿನ ಮಾತು ಒಂದು ಐತೆ. ಅದನ್ನ ಒತ್ತಿದ್ರೇ ಒಳಗೆ ಬಿಡೋದು. ಸಾವ್ಕಾರ್ರೇ ಆರಿಸ್ಯಾರೆ. ಕೊಟ್ಟೂರೇಶ್ ಅಂತ."

"ಅದೇನು ಗುಟ್ಟಪ? ಅಂಗಡಿ ಬೋರ್ಡಿನ ಮ್ಯಾಲೇ 'ಶ್ರೀ ಕೊಟ್ಟೂರೇಶ್ವರ ಪ್ರಸನ್ನ' ಅಂತ ಬರ್ಸ್ಯಾರೆ."

ಬಕ್ಕೇಶ ನಕ್ಕ. "ಅದ್ಕೇ ಇನ್ನೊಂದು ಬೀಗ ಹಾಕೀನಿ. ನಾವು ಫೋನ್ ಹಚ್ಚಿದ ಕೂಡ್ಲೆ ಮಂಡಿಪೇಟೆ ಪೆಟ್ಟಿಗೆ ಕಟ್ ಮಾಡ್ತತೆ. ಕಟ್ ಮಾಡಿ, ತಾನೇ ಈ ಗೋದಾಮಿನ ನಂಬರಿಗೆ ತಿರುಗಿ ಮಾಡ್ತತೆ. ಬ್ಯಾರೆ ಯಾವನಾರ ಬ್ಯಾರೆ ಕಡೆಯಿಂದ ಹಚ್ಚಿದ್ರೂ ಅದು ಕರೆಯೋದು ಇಲ್ಲಿಗೇ. ಇಲ್ಲಿ ಈ ಡಬ್ಬ ಎತ್ತಿಕೊಳ್ತತೆ. ನೀವು ಮಾತ್ರ ಮುಟ್ಟಬ್ಯಾಡ್ರಿ."

ಪರೀಕ್ಷೆ ಮಾಡಲು ಕೂತರು. ಗೋದಾಮಿಗೆ ಇದ್ದದ್ದು ಒಂದೇ ಲೈನು. ಅದನ್ನು ಮೋಡೆಮ್ಮು ಹಿಡಿದುಕೊಂಡರೆ ಮಂಡಿಪೇಟೆಯವರ ಜತೆ ಮಾತಾಡಲು ದಾರಿ ಇಲ್ಲ. ಬಕ್ಕೇಶ ಎದುರಿನ ಅಮೀನಾಬೀ ಎಸ್ಟಿಡಿ ಬೂತಿಗೆ ಓಡಿದ. ಅಲ್ಲಿಂದ ಆಫೀಸಿನ ಇನ್ನೊಂದು ಫೋನಿಗೆ ಮಾಡಿ, ಬಾಗಿಲಿಂದ ತಲೆ ಹೊರಗೆ ಹಾಕಿ ರಸ್ತೆಯ ಆಚೆಯಿಂದಲೇ ಕೂಗತೊಡಗಿದ.

"ಒತ್ರಿ ಯಜಮಾನ್ರೆ! ಮೇಡಂ, ಪೆಟ್ಟಿಗೆ ಮ್ಯಾಲೆ ದೀಪ ಹತ್ತಿತಾ? ಹತ್ತಿತಂತೆ! ಈಗ ಕಟ್ ಆಗ್ತತೆ, ಬಿಡ್ರಿ!"

ಆ ಮೇಡಂ ಅಂದರೆ ನಾಗರತ್ನಮ್ಮ. ಆಯಮ್ಮನ ದನಿ ರಸ್ತೆಯ ಆಚೆ ಬೂತಿನಲ್ಲಿದೆ, ಈ ಹುಡುಗನ ಕಿವಿಯಲ್ಲಿದೆ ಅನ್ನುವುದು ಉಚ್ಚೆಂಗಪ್ಪನಿಗೆ ವಿಚಿತ್ರವಾಗಿ ಕಂಡಿತು. ಅಷ್ಟರಲ್ಲಿ ಗೋದಾಮಿನ ಫೋನು ಬಡಿದುಕೊಂಡಿತು. ಒಂದು ರಿಂಗು ಆಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಅವನ ಕೈ ತಾನಾಗಿಯೇ ಹೋಗಿ ಎತ್ತಿಬಿಟ್ಟಿತು.

"ಹಲೋ, ಗೋದಾಮು."

ಆ ಕಡೆಯಿಂದ ಬಂದದ್ದು ಮನುಷ್ಯರ ದನಿಯಲ್ಲ. ಗಾಣದ ಅಚ್ಚಿಗೆ ಎಣ್ಣೆ ಇಲ್ಲದಂಗೆ ಕಿರ್ರೋ ಅಂತ ಒಂದು, ಅದರ ಮೇಲೆ ಕೊಯ್ಯೋ ಅಂತ ಇನ್ನೊಂದು.

"ಅಯ್ಯೋ ಎತ್ತಿದ್ರಾ! ಮುಟ್ಟಬ್ಯಾಡ್ರಿ ಅಂದೆ!" ಬಕ್ಕೇಶ ರಸ್ತೆ ದಾಟಿ ಓಡಿ ಬಂದ. ಅಮೀನಾಬೀ ಬೂತಿನಲ್ಲೇ ಬಿದ್ದು ಬಿದ್ದು ನಕ್ಕಳು. "ಉಚ್ಚೆಂಗಣ್ಣ, ಮಶೀನ್ ಜೋಡಿ ಏನ್ ಮಾತಾಡಿದ್ಯೋ?"

"ಫೋನ್ ಬಂದ್ರೆ ಎತ್ತಬಾರದಂದ್ರೆ ಹೆಂಗಪ?" ಅಂದ ಉಚ್ಚೆಂಗಪ್ಪ. "ಬಾಗಿಲು ಬಡಿದವರಿಗೆ ಯಾರು ಅಂತ ಕೇಳಬಾರದಾ?"

ಮರುದಿನದಿಂದ ಸಂಜೆ ಐದಕ್ಕೆ ಅವನು ಒಂದು ಗುಂಡಿ ಒತ್ತುವುದು, ಡಬ್ಬ ಮಂಡಿಪೇಟೆಯನ್ನು ಕರೆಯುವುದು, ಕಟ್ ಆಗುವುದು, ಆಮೇಲೆ ಫೋನು ಬಡಿದುಕೊಳ್ಳುವುದು. ಆಗ ಅವನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ಡಬ್ಬ ಕಿರುಚಿ ಸುಮ್ಮನಾದಮೇಲೆ ಪರದೆಯ ಮೇಲೆ ಮಾಲಿನ ಹೆಸರುಗಳು ಸಾಲಾಗಿ ನಿಲ್ಲುತ್ತಿದ್ದವು. ನಾಲ್ಕನೇ ಇಯತ್ತೆ ಓದಿದ್ದವನಿಗೆ ಇಂಗ್ಲಿಷಿನ ಹೆಸರು ಓದಲು ಬರುತ್ತಿರಲಿಲ್ಲ. ಬಕ್ಕೇಶ ತೋರಿಸಿಕೊಟ್ಟಿದ್ದ ಸರದಿ ನೆನಪಿತ್ತು. ಅಂಕಿ ಒತ್ತುವುದು, ದೊಡ್ಡ ಗುಂಡಿ ಒತ್ತುವುದು, ಕೆಳಗಿಳಿಯುವುದು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ನಲ್ಲಿ ನೀರಿನ ಸುದ್ದಿ ಇಲ್ಲ, ಮಂಡಿನೋವು ಹೆಂಗೈತೆ ಗೊತ್ತಿಲ್ಲ. ಹಮಾಲರು ಬಾರದ ದಿನ, ಹಾಸಿಗೆ ಹಾಸುವಾಗ ಅವನಿಗೆ ಅನ್ನಿಸುತ್ತಿತ್ತು: ಇವತ್ತು ನಾನು ಬಾಯಿಬಿಟ್ಟದ್ದು ಉಣ್ಣಾಕಷ್ಟೇ.

ಒಂದು ಸಂಜೆ ಹತ್ತಿಕಾಳು ಹಿಂಡಿ ತೀರಿತ್ತು. ಆ ಸಾಲಿಗೆ ಬಂದಾಗ ಉಚ್ಚೆಂಗಪ್ಪನ ಬೆರಳು ನಿಂತಿತು. ಏನೂ ಒತ್ತದೆ ಕೆಳಗಿಳಿಯಲು ನೋಡಿದ. ಪೆಟ್ಟಿಗೆ ಕುಂಯ್ ಅಂದು ತಡೆಯಿತು. ಏನಾದರೊಂದು ಅಂಕಿ ಬೇಕು ಅದಕ್ಕೆ. ಸೊನ್ನೆಯ ಗುಂಡಿ ಅಲ್ಲೇ ಮೂಲೆಯಲ್ಲಿತ್ತು. ಗೋದಾಮಿನ ನಡುವೆ ಕೂತು, ಅದೂ ದೀಪ ಹಚ್ಚುವ ಹೊತ್ತಿನಲ್ಲಿ, ತನ್ನ ಕೈಯಾರೆ ಬರಿದು ಅಂತ ಒತ್ತುವುದೆ? ಅಕ್ಕಿ ಗಡಿಗೆಯನ್ನು ತೊಳೆಯುವ ಮುಂಚೆಯೂ ಅವನ ಅವ್ವ ಒಂದು ಹಿಡಿ ಕಾಳು ತಳದಲ್ಲಿ ಉಳಿಸುತ್ತಿದ್ದಳು. ಉಚ್ಚೆಂಗಪ್ಪ 'ಒಂದು' ಅಂತ ಒತ್ತಿದ. ಪೆಟ್ಟಿಗೆ ಒಪ್ಪಿಕೊಂಡು ಮುಂದೆ ಬಿಟ್ಟಿತು.

ಮೋಡೆಮ್ಮು ಲೈನು ಬಿಟ್ಟು ಇನ್ನೂ ಗುಬ್ಬಿ ಅಡಗಿರಲಿಲ್ಲ, ಫೋನು ಬಡಿದುಕೊಂಡಿತು. ಡಬ್ಬದ್ದೇ ಇರಬೇಕು ಅಂತ ಸುಮ್ಮನೆ ಕೂತ. ನಿಲ್ಲಲಿಲ್ಲ. ಹೆದರಿ ಹೆದರಿ ಎತ್ತಿದ.

"ಹಲೋ, ಗೋದಾಮಾ?"

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಉಚ್ಚೆಂಗಪ್ಪಾರೆ, ಹತ್ತಿಕಾಳು ಹಿಂಡಿ ಒಂದು ಚೀಲ ಅಂತ ಬಂದೈತೆ. ಮಧ್ಯಾಹ್ನ ಶಬ್ಬೀರ್ ಲಾರಿಗೆ ಎಲ್ಲಾ ಏರಿಸಿದ್ದು ಅಲ್ಲೇನ್ರಿ? ತುಂಬೈತೋ ಹೆಂಗೆ?"

"ತುಂಬೈತೆ ಕಣ್ರಿ."

ಆ ಕಡೆ ಆಕೆ ನಕ್ಕದ್ದು ಕೇಳಿಸಿತು. "ನನಗೆ ಗೊತ್ತಿತ್ತು. ಇರ್ಲಿ, ಇಲ್ಲಿ ನಾನೇ ಸರಿ ಮಾಡ್ಕೊಂತೀನಿ. ಮತ್ತೆ, ಹೊಳೆ ಹೆಂಗೈತೆ?"

"ಇಳದೈತೆ. ಬಂಡೆ ಕಾಣ್ತಾವೆ. ನಿಮ್ಮ ಮಂಡಿ?"

"ಅದು ಏರೈತೆ" ಅಂದಳು ನಾಗರತ್ನಮ್ಮ.

ಆಮೇಲೆ ಒಂದಿಲ್ಲೊಂದು ಮಾಲು ತುಂಬುತ್ತಲೇ ಇತ್ತು. ತುಂಬಿದ ದಿನ ಉಚ್ಚೆಂಗಪ್ಪ ಒಂದು ಅಂತ ಒತ್ತುವನು, ಆಕೆ ಫೋನು ಮಾಡಿ ಕೇಳುವಳು, ತಿದ್ದಿಕೊಳ್ಳುವಳು. ಈ ಒಂದರಿಂದಲೇ ಫೋನು ಬರುತ್ತಿದೆ ಅನ್ನುವುದು ಅವನಿಗೆ ತಿಳಿಯದೆ ಇರಲಿಲ್ಲ. ಶಾಸ್ತ್ರಕ್ಕೆ ಅಂತ ಶುರು ಮಾಡಿದ್ದು. ಈಗ ಬರೀ ಶಾಸ್ತ್ರವಾ ಅಂತ ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ. ಮಾಲು ಬೇಗ ತೀರಲಿ ಅಂತ ಒಳಗೊಳಗೇ ಬಯಸುವ ಗೋದಾಮಿನವನನ್ನು ಯಾವ ಸಾವ್ಕಾರ ತಾನೆ ಕಂಡಿದ್ದಾನೆ?

ಸಾವ್ಕಾರ್ರಿಗೆ ಈ ತಿದ್ದುಪಡಿಯ ವಾಸನೆ ಹತ್ತಿತು. ಲೈನಿನಲ್ಲಿ ಗೊರಗೊರ ಇದ್ದರೆ ಅಂಕಿ ಹೆಚ್ಚುಕಮ್ಮಿ ಆಗುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದರು. ಬಕ್ಕೇಶ ಮತ್ತೆ ಬಂದ. ವೈರು ಬದಲಿಸಿದ, ಕೊಂಡಿಗಳನ್ನು ಉಜ್ಜಿದ, ಲೈನ್‌ಮನ್ನನ್ನು ಕಂಬ ಹತ್ತಿಸಿದ. ಕೆಳಗೆ ಮುಖ ಮೇಲೆತ್ತಿ ನಿಂತ ಉಚ್ಚೆಂಗಪ್ಪನಿಗೆ, ಇಳೀರಪ್ಪ, ಕಂಬದಾಗೇನೂ ಇಲ್ಲ, ಎಲ್ಲಾ ನನ್ನ ಬೆರಳಿನಾಗೆ ಐತೆ ಅಂತ ಹೇಳುವ ಮನಸ್ಸಾಯಿತು. ಹೇಳಿದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಲೈನ್‌ಮನ್ನಿಗೆ ಚಹಾ ತರಿಸಿಕೊಟ್ಟ.

ಹೀಗೇ ನಡೆಯುತ್ತಿತ್ತೇನೋ. ಒಂದು ಸಂಜೆ ಹತ್ತಿಕಾಳು ಹಿಂಡಿ ಮತ್ತೆ ತುಂಬಿತು, ಇವನು ಒಂದು ಅಂತ ಒತ್ತಿದ, ಫೋನು ಬರಲಿಲ್ಲ. ನಾಗರತ್ನಮ್ಮ ತಂಗಿಯ ಮೊಮ್ಮಗನ ನಾಮಕರಣಕ್ಕೆ ರಜಾ ಹಾಕಿ, ಅವತ್ತು ಐದಕ್ಕೇ ಅವಸರದಲ್ಲಿ ಹೊರಟುಬಿಟ್ಟಿದ್ದಳು. ಅದು ಇವನಿಗೆ ಗೊತ್ತಿರಲಿಲ್ಲ. ಆ ಒಂದು ಚೀಲ ಮಂಡಿಪೇಟೆಯ ಪರದೆಯ ಮೇಲೆ ಇದ್ದಹಾಗೇ ಉಳಿಯಿತು.

ಮರುದಿನ ಮಧ್ಯಾಹ್ನ ಸುಡುಬಿಸಿಲಲ್ಲಿ ಒಬ್ಬ ಹೆಣ್ಣುಮಗಳು ಗೋದಾಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಆಫೀಸಿನ ಚೀಟಿ, ತಲೆಯ ಮೇಲೆ ಹೊರೆಗೆಂದು ಬಟ್ಟೆ ಮಡಚಿ ಮಾಡಿದ ಸಿಂಬಿ.

"ಆನಗೋಡು ಕಾಟಮ್ಮ ಕಣಪ. ಎಮ್ಮೆ ಈದೈತೆ, ಹತ್ತಿಕಾಳು ಹಿಂಡಿ ಬಿಟ್ರೆ ಬ್ಯಾರೆ ಮೂಸಲ್ಲ ಅಂತತೆ. ದಾವಣಗೆರೆ ಅಂಗಡ್ಯಾಗೆ ಕೇಳಿದ್ರೆ, ಇಲ್ಲಿಲ್ಲ, ಹರಿಹರದಾಗೆ ಒಂದು ಚೀಲ ಐತೆ ಅಂತ ಪೆಟ್ಟಿಗೆ ನೋಡಿ ಹೇಳಿದ್ರು. ಎರಡು ಬಸ್ಸು ಹತ್ತಿ ಬಂದೀನಿ. ಎತ್ತಿ ಕೊಡು, ಗಾಡಿ ಮಾಡ್ಕೊಂಡು ಸ್ಟ್ಯಾಂಡಿಗೆ ಒಯ್ತೀನಿ."

ಉಚ್ಚೆಂಗಪ್ಪ ಎದ್ದು ನಿಂತ. ಹತ್ತಿಕಾಳು ಹಿಂಡಿ ಒಟ್ಟುತ್ತಿದ್ದ ಮೂಲೆಯಲ್ಲಿ ಗುಡಿಸಿದ ನೆಲ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲಿನಿಂದಲೇ ಕಾಣುತ್ತಿತ್ತು.

"ತುಂಬೈತೆ ತಾಯಿ" ಅಂದ.

ಕಾಟಮ್ಮನೂ ಅಂಥದೇ ಮನೆಯಲ್ಲಿ ಬೆಳೆದವಳು. ಅವಳಿಗೆ ಎರಡನೇ ಮಾತು ಬೇಕಾಗಲಿಲ್ಲ. "ತುಂಬೈತಾ?" ಅಂದಳು, ಆ ಮೂಲೆ ನೋಡಿದಳು. "ಮತ್ತೆ ಆ ಪೆಟ್ಟಿಗೆ ಐತೆ ಅಂತಲ್ಲಪ. ಅದ್ಕೆ ಹೇಳಿದೋರು ಯಾರು?"

ಅವನು ಅವಳಿಗೆ ನೀರು ಕೊಟ್ಟ. ಕುಡಿದಳು. ಬೂಸಾ ಒಯ್ತೀಯಾ ಅಂತ ಕೇಳಿದ, ಬ್ಯಾಡ ಅಂದಳು. ಬೈದಿದ್ದರೆ ಇವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸಿಂಬಿಯನ್ನು ಬಿಚ್ಚಿ ಕೊಡವಿ, ತಲೆಗೆ ಹೊದ್ದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಬರಿಗೈಲಿ ನಡೆದಳು.

ಅದರ ಮಾರನೇ ದಿನ ನಾಗರತ್ನಮ್ಮನ ಫೋನು ಐದಕ್ಕೆ ಮುಂಚೆಯೇ ಬಂತು. ಗೋದಾಮಾ ಅಂತ ಕೇಳಲಿಲ್ಲ.

"ಉಚ್ಚೆಂಗಪ್ಪಾರೆ, ಆ ಆನಗೋಡಿನಾಕೆ ತಿರುಗಿ ಅಂಗಡಿಗೆ ಬಂದು ಎಲ್ಲಾರ ಮುಂದೆ ಕೇಳ್ಯಾಳೆ. ಸಾವ್ಕಾರ್ರು ನನ್ನ ಕರ್ಸಿದ್ರು. ಒಂದು ಚೀಲ ಎಲ್ಲಿಂದ ಬಂತು, ಲೈನಿನದೋ ಗೋದಾಮಿನದೋ ನಿನ್ನದೋ ಅಂದ್ರು."

"ನೀವು ಏನಂದ್ರಿ?"

"ನಂದು ಅಂದೆ. ರಜಾ ಹಾಕೋ ಅವಸರದಾಗೆ ನೋಡ್ಲಿಲ್ಲ ಅಂದೆ."

"ನಿಮ್ಮದಲ್ಲ ಅಲ್ರಿ ಅದು. ನಂದು. ನಾನೇ ಹೇಳ್ತೀನಿ ಅವರಿಗೆ."

"ನೀವು ಹೇಳಿದ್ರೆ, ಇಷ್ಟು ದಿನ ನಾನ್ಯಾಕೆ ಮುಚ್ಚಿಟ್ಟು ತಿದ್ದಿದೆ ಅಂತ ಕೇಳ್ತಾರೆ. ಏನಂತ ಹೇಳ್ಲಿ?"

ಲೈನಿನಲ್ಲಿ ಒಂದು ಗೊರಗೊರವೂ ಇರಲಿಲ್ಲ. ಬಕ್ಕೇಶ ಅಷ್ಟು ಚೊಕ್ಕ ಮಾಡಿಟ್ಟಿದ್ದ.

"ಸೊನ್ನೆ ಹಾಕ್ರಿ ಇನ್ಮ್ಯಾಲೆ" ಅಂದಳು ನಾಗರತ್ನಮ್ಮ. "ಬಾಯಿಲೆ ಅನ್ನಬ್ಯಾಡ್ರಿ. ಬೆರಳಿಲೆ ಒತ್ರಿ. ದೇವರಿಗೆ ಇಂಗ್ಲಿಷ್ ಪೆಟ್ಟಿಗೆ ಎಲ್ಲಿ ತಿಳೀತೈತೆ."

ನಗಿಸಲು ಅಂದ ಮಾತು. ಇವನು ನಗಲಿಲ್ಲ.

"ಹಾಕಿದ್ರೆ ಮತ್ತೆ ನೀವು..."

"ಹಾಕ್ರಿ" ಅಂದಳು ಆಕೆ. "ಬಿಸಿಲಾಗೆ ಯಾರನ್ನೂ ಅಲೆಸೋದು ಬ್ಯಾಡ."

ಅವತ್ತು ಸಂಜೆ ಉಚ್ಚೆಂಗಪ್ಪ ಕೈಕಾಲು ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು ಕೂತ. ಹತ್ತಿಕಾಳು ಹಿಂಡಿಯ ಸಾಲಿಗೆ ಬಂದಾಗ ಕಣ್ಣು ಮುಚ್ಚಿ ಮೂಲೆಯ ಗುಂಡಿ ಒತ್ತಿದ. ಪೆಟ್ಟಿಗೆ ಒಂದನ್ನು ಒಪ್ಪಿದ ಹಾಗೇ ಅದನ್ನೂ ಒಪ್ಪಿತು. ಮೋಡೆಮ್ಮು ಲೈನು ಬಿಟ್ಟಿತು. ಗುಬ್ಬಿ ಅಡಗುವತನಕ ಕೂತ. ಅಡಗಿದ ಮೇಲೂ ಕೂತ. ಫೋನು ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ.

ತಾನೇ ಮಾಡಬಹುದಿತ್ತು. ನಂಬರು ಬಾಯಿಗೆ ಬರುತ್ತಿತ್ತು. ಆದರೆ ಸಾವ್ಕಾರ್ರ ಆಫೀಸಿಗೆ, ಒಬ್ಬ ಹೆಣ್ಣುಮಗಳಿಗೆ, ಏನಂತ ಮಾಡುವುದು? ಹೊಳೆ ಇಳಿದಿದೆ ಅಂತಲೆ? ಒಂದೆರಡು ಸಲ ಎತ್ತಿ, ಒಳಗಿನ ಗುಂಯ್‌ಗುಡುವ ಸದ್ದು ಕೇಳಿ, ಮೆಲ್ಲಗೆ ಇಟ್ಟ. ಶಬ್ಬೀರ್ ಲಾರಿ ತಂದಾಗ, "ಆಫೀಸಿನಾಗೆ ಎಲ್ಲಾರೂ ಚೆನ್ನಾಗಿದಾರಾ?" ಅಂತ ಕೇಳುತ್ತಿದ್ದ. "ಅವರಿಗೇನು ಧಾಡಿ ಉಚ್ಚೆಂಗಣ್ಣ, ಫ್ಯಾನಿನ ಗಾಳ್ಯಾಗೆ ಕೂತಿರ್ತಾರೆ" ಅನ್ನುತ್ತಿದ್ದ ಶಬ್ಬೀರ್. ಅಷ್ಟರಲ್ಲೇ ತೃಪ್ತಿಪಟ್ಟುಕೊಳ್ಳಬೇಕು.

ಬೇಸಿಗೆ ಹೋಯಿತು. ಹೊಳೆಗೆ ಹೊಸ ನೀರು ಬಂತು. ಲೆಕ್ಕ ಎಷ್ಟು ಚೊಕ್ಕವಾಯಿತೆಂದರೆ ಬಕ್ಕೇಶನೂ ಈ ಕಡೆ ಸುಳಿಯುವುದನ್ನು ಬಿಟ್ಟ.

ಆಷಾಢದ ಒಂದು ಸಂಜೆ, ಐದಕ್ಕೆ ಇನ್ನೂ ಸ್ವಲ್ಪ ಇರುವಾಗ ಫೋನು ಬಡಿದುಕೊಂಡಿತು. ಉಚ್ಚೆಂಗಪ್ಪ ಇನ್ನೂ ಗುಂಡಿ ಒತ್ತಿರಲಿಲ್ಲ. ಅಂದರೆ ಇದು ಡಬ್ಬದ್ದಲ್ಲ. ಹದ ಗಿದ ಎಲ್ಲಾ ಮರೆತು ಮೊದಲನೇ ರಿಂಗಿಗೇ ಎತ್ತಿದ.

"ನಾನು ನಾಗರತ್ನಮ್ಮ."

"ಹೇಳ್ರಿ. ಏನಾರ ಲೆಕ್ಕ ತಪ್ಪಿತಾ?"

"ಇಲ್ಲ. ಲೆಕ್ಕ ಸರಿ ಐತೆ. ಸಾವ್ಕಾರ್ರು ಬ್ಯಾಂಕಿಗೆ ಹೋಗ್ಯಾರೆ. ಆಫೀಸಿನಾಗೆ ಯಾರೂ ಇಲ್ಲ. ಸುಮ್ನೆ ಮಾಡಿದೆ."

ಇಷ್ಟು ತಿಂಗಳು ಕಾದದ್ದು ಇದಕ್ಕೇ. ಆದರೆ ಈಗ ಉಚ್ಚೆಂಗಪ್ಪನಿಗೆ ಮಾತೇ ಸಿಗಲಿಲ್ಲ. ಮಾತನ್ನು ಯಾವ ಮಾಲಿನ ಸಂದಿಯಲ್ಲಿ ತೂರಿಸುವುದು? ಶೇಂಗಾ ಹಿಂಡಿ ಅಂತ ಆಕೆ ಕೇಳಿದ್ದರೆ, ಅದರ ಬೆನ್ನಿಗೆ ಹತ್ತು ಮಾತು ತಾವಾಗಿ ಬರುತ್ತಿದ್ದವು. ಸುಮ್ನೆ ಅಂದವರಿಗೆ ಏನು ಹೇಳಬೇಕು ಅನ್ನುವುದನ್ನು ಅವನು ಕಲಿತಿರಲಿಲ್ಲ.

"ಚೆನ್ನಾಗಿದೀರಾ?" ಅಂದ ಕೊನೆಗೆ.

"ಹೂಂ. ನೀವು?"

"ಹೂಂ."

ಆಕೆಯ ಹಿಂದೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಇವನ ಕಡೆಯಿಂದ ಗುಬ್ಬಿಗಳ ಸದ್ದು ಆಕೆಗೂ ಕೇಳಿರಬೇಕು.

"ಮಳೆ ಐತಾ ಅಲ್ಲಿ?" ಅಂದಳು.

"ಮೋಡ ಐತೆ."

"ಇಲ್ಲೂ ಮೋಡನೇ."

ಗೋಡೆ ಗಡಿಯಾರದಲ್ಲಿ ಐದಾಯಿತು. ಪರದೆ ಬೆಳಗಿಕೊಂಡು ಕಾಯುತ್ತಿತ್ತು. ಆಕೆಯ ಎದುರಿಗೂ ಒಂದು ಕಾಯುತ್ತಿರಬೇಕು.

"ಪೆಟ್ಟಿಗೆ ಹೊತ್ತಾತು" ಅಂದಳು ನಾಗರತ್ನಮ್ಮ.

"ಹೌದಲ್ಲ."

"ಇಡ್ಲಾ ಹಂಗಾದ್ರೆ?"

ಇಡಬ್ಯಾಡ್ರಿ ಅನ್ನುವುದು ಅವನ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಯಾವುದಾದರೊಂದು ಚೀಲದ ಹೆಗಲೇರದೆ ಒಂದು ಮಾತೂ ಆ ನಾಲಿಗೆಯಿಂದ ಹೊರಟದ್ದಿಲ್ಲ, ಇದೂ ಅಲ್ಲೇ ನಿಂತಿತು.

"ಇಡ್ರಿ" ಅಂದ.

ಆಕೆ ಇಡಲಿಲ್ಲ. ಉಸಿರು ಕೇಳುತ್ತಿತ್ತು. ಇಡುವ ಕೆಲಸ ಆಯಮ್ಮನ ಮೇಲೆ ಬೀಳಬಾರದು ಅಂತ ಉಚ್ಚೆಂಗಪ್ಪ ತಾನೇ ಮೆಲ್ಲಗೆ ಇಟ್ಟ.